ನಿದ್ದೆ ಮಾತ್ರೆ ಬಿಡುವುದಕ್ಕೂ ಒಂದು ಲೆಕ್ಕವಿದೆ

"ನಾಲ್ಕು ದಿನ ಬಿಟ್ಟು ನೋಡಿದೆ. ಒಂದು ಗಳಿಗೆ ಕಣ್ಣು ಮುಚ್ಚಲಿಲ್ಲ. ಈ ವಯಸ್ಸಿನಲ್ಲಿ ನನಗೆ ಮಾತ್ರೆ ಬೇಕೇ ಬೇಕು." ಎಪ್ಪತ್ತು ದಾಟಿದ ಎಷ್ಟೋ ಜನ ಹೀಗೆ ಹೇಳುತ್ತಾರೆ. ಮನೆಯವರು ಹೇಳುವುದೇ ಬೇರೆ: "ಮನಸ್ಸು ಗಟ್ಟಿ ಮಾಡಿದರೆ ಬಿಡಬಹುದು, ಅವರಿಗೇ ಇಷ್ಟವಿಲ್ಲ." ಎರಡೂ ತಪ್ಪು. ಆ ನಾಲ್ಕು ರಾತ್ರಿ ನಿದ್ದೆ ಕೆಡಿಸಿದ್ದು ಹೆಚ್ಚಾಗಿ ಹಳೆಯ ಕಾಯಿಲೆಯೂ ಅಲ್ಲ, ಮನಸ್ಸಿನ ಸಡಿಲವೂ ಅಲ್ಲ. ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಿದ್ದೇ ಕಾರಣ.

ಆಲ್ಪ್ರಜೋಲಾಮ್, ಲೊರಾಜೆಪಾಮ್, ಕ್ಲೊನಾಜೆಪಾಮ್, ಡಯಾಜೆಪಾಮ್ ಎಲ್ಲವೂ ಒಂದೇ ಮನೆತನದವು, ಬೆಂಜೋಡಯಜೆಪೀನ್‌ಗಳು. ಮಿದುಳಿನಲ್ಲಿ ಗಾಬಾ ಎಂಬ ರಾಸಾಯನಿಕವಿದೆ. ನರಕೋಶಗಳನ್ನು ಸುಮ್ಮನಿರಿಸುವುದು ಅದರ ಕೆಲಸ. ಗಾಬಾ ಬಂದು ಕೂತಾಗ ಕೋಶದ ಗೋಡೆಯಲ್ಲಿ ಒಂದು ಸಣ್ಣ ಕಿಂಡಿ ತೆರೆಯುತ್ತದೆ, ಕ್ಲೋರೈಡ್ ಒಳಗೆ ಹೋಗುತ್ತದೆ, ಕೋಶದ ಚಡಪಡಿಕೆ ಇಳಿಯುತ್ತದೆ. ಮಾತ್ರೆ ತಾನಾಗಿ ಈ ಕಿಂಡಿ ತೆರೆಯುವುದಿಲ್ಲ. ಪಕ್ಕದ ಇನ್ನೊಂದು ಜಾಗದಲ್ಲಿ ಕೂತು, ಗಾಬಾ ಇದ್ದಾಗ ಕಿಂಡಿ ಹೆಚ್ಚು ಸಲ ತೆರೆಯುವಂತೆ ಮಾಡುತ್ತದೆ. ಆ ಜಾಗ ಗೊತ್ತಾದದ್ದು 1977ರಲ್ಲಿ. ಅಷ್ಟು ಹೊತ್ತಿಗೆ ಜಗತ್ತು ಹದಿನೇಳು ವರ್ಷ ಈ ಮಾತ್ರೆ ನುಂಗಿಯಾಗಿತ್ತು!

ಮಿದುಳು ಸುಮ್ಮನೆ ನೋಡುತ್ತಾ ಕೂರುವುದಿಲ್ಲ. ಕಿವಿಗೆ ಹತ್ತಿ ತುರುಕಿಕೊಂಡವರು ಟಿವಿ ಸದ್ದು ಏರಿಸುತ್ತಾರಲ್ಲ, ಹಾಗೆ ಅದೂ ತನ್ನ ಸದ್ದು ಏರಿಸಿಕೊಳ್ಳುತ್ತದೆ. ಗಾಬಾ ಬಂದು ಕೂರುವ ಜಾಗಗಳು (ಗ್ರಾಹಕಗಳು) ಮೊದಲಿನಷ್ಟು ಓಗೊಡುವುದಿಲ್ಲ. ಕೋಶಗಳನ್ನು ಕೆರಳಿಸುವ ಗ್ಲುಟಮೇಟ್ ವ್ಯವಸ್ಥೆ ಚುರುಕಾಗುತ್ತದೆ. ಹತ್ತಿಯೂ ಇದೆ, ಸದ್ದೂ ಜಾಸ್ತಿ ಇದೆ, ಒಟ್ಟಿನಲ್ಲಿ ಸರಿಯಾಗಿದೆ ಅನ್ನಿಸುತ್ತದೆ. ಒಂದು ದಿನ ಹತ್ತಿ ಕಿತ್ತೆಸೆದರೆ? ಸದ್ದು ಅಷ್ಟೇ ಜೋರಾಗಿರುತ್ತದೆ. ಅದನ್ನು ಇಳಿಸಲು ಮಿದುಳಿಗೆ ವಾರಗಳು, ಕೆಲವರಿಗೆ ತಿಂಗಳುಗಳು ಬೇಕು. ಮಾತ್ರೆ ಬಿಟ್ಟವರಿಗೆ ಕುಕ್ಕರ್ ವಿಸಿಲ್‌ಗೇ ಎದೆ ಝಲ್ಲೆನ್ನುವುದು, ಟ್ಯೂಬ್‌ಲೈಟ್ ಕಣ್ಣಿಗೆ ಚುಚ್ಚುವುದು, ಕಿವಿಯಲ್ಲಿ ಗುಂಯ್‌ಗುಡುವುದು, ಬಾಯಲ್ಲಿ ಲೋಹದ ರುಚಿ, ಕೈನಡುಕ, ಬೆವರು, ಕಾಲು ಜುಮ್ಮೆನ್ನುವುದು ಎಲ್ಲ ಅದರಿಂದಲೇ. "ನರದೌರ್ಬಲ್ಯ" ಅಂತ ಟಾನಿಕ್ ಕುಡಿಸಿದರೆ ಹೋಗುವುದಲ್ಲ. ಉಷ್ಣವೂ ಅಲ್ಲ, ದೃಷ್ಟಿಯೂ ಅಲ್ಲ.

ಈ ಗುಂಪಿನ ಮೊದಲ ಮಾತ್ರೆ ಸಿಕ್ಕಿದ್ದು ಕಸ ಗುಡಿಸುವಾಗ. ಅಮೆರಿಕದ ನ್ಯೂಜೆರ್ಸಿಯ ಹಾಫ್‌ಮನ್ ಲಾ ರೋಶ್ ಕಂಪನಿಯಲ್ಲಿ ಲಿಯೋ ಸ್ಟರ್ನ್‌ಬ್ಯಾಕ್ ಎಂಬ ರಸಾಯನ ವಿಜ್ಞಾನಿ ತಯಾರಿಸಿ ಮೂಲೆಗಿಟ್ಟಿದ್ದ ಪುಡಿಯೊಂದು 1957ರಲ್ಲಿ ಪ್ರಯೋಗಶಾಲೆ ಚೊಕ್ಕ ಮಾಡುವಾಗ ಕಣ್ಣಿಗೆ ಬಿತ್ತು. ಎಸೆಯುವ ಬದಲು ಪರೀಕ್ಷೆಗೆ ಕಳಿಸಿದರು. 1960ರಲ್ಲಿ ಅದು ಲಿಬ್ರಿಯಂ ಆಗಿ ಬಂತು, 1963ರಲ್ಲಿ ಅದರ ತಮ್ಮ ವೇಲಿಯಂ, ಅಂದರೆ ಡಯಾಜೆಪಾಮ್. ನನಗೆ ಸಿಟ್ಟು ಬರುವುದು ಮುಂದಿನ ಕಥೆಗೆ. 1961ರಲ್ಲೇ ಲಿಯೋ ಹಾಲಿಸ್ಟರ್ ಎಂಬ ವೈದ್ಯರು, ತುಂಬಾ ದೊಡ್ಡ ಪ್ರಮಾಣದಲ್ಲಿ ಲಿಬ್ರಿಯಂ ತೆಗೆದುಕೊಳ್ಳುತ್ತಿದ್ದ 11 ಜನರಿಗೆ ಅದನ್ನು ಒಮ್ಮೆಲೇ ನಿಲ್ಲಿಸಿದಾಗ 10 ಜನರಿಗೆ ತೊಂದರೆಯಾಯಿತು, ಇಬ್ಬರಿಗೆ ಫಿಟ್ಸ್ ಬಂತು ಎಂದು ಬರೆದಿದ್ದರು. ಮಾತ್ರೆ ಪೇಟೆಗೆ ಬಂದ ಮರುವರ್ಷವೇ! ಅದು ದೊಡ್ಡ ಡೋಸಿನ ಮಾತು ಅಂತ ತಳ್ಳಿಹಾಕಿದರು. ದಿನಕ್ಕೊಂದು ಸಣ್ಣ ಮಾತ್ರೆ ತಗೊಂಡವರಿಗೂ ಹೀಗಾಗುತ್ತದೆ ಅಂತ ವೈದ್ಯಲೋಕ ಒಪ್ಪುವಷ್ಟರಲ್ಲಿ 1980ರ ದಶಕ ಬಂತು. ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ ಹೆದರ್ ಆಷ್ಟನ್ ಎಂಬ ವೈದ್ಯೆ 1982ರಿಂದ 1994ರವರೆಗೆ ಇದಕ್ಕೆಂದೇ ಕ್ಲಿನಿಕ್ ನಡೆಸಿದರು. ನಿಧಾನವಾಗಿ, ರೋಗಿಯ ವೇಗಕ್ಕೆ ತಕ್ಕಂತೆ ಇಳಿಸಬೇಕು ಎಂಬ ಈಗಿನ ಪದ್ಧತಿಗೆ ಅವರ ಅನುಭವ ದೊಡ್ಡ ಬುನಾದಿ.

ಈಗ ವಯಸ್ಸಿನ ಮಾತು. ಮೈಯಲ್ಲಿರುವ ಮದ್ದು ಅರ್ಧವಾಗಲು ಹಿಡಿಯುವ ಸಮಯಕ್ಕೆ ಅರ್ಧಾಯು ಅನ್ನುತ್ತಾರೆ. ಡಯಾಜೆಪಾಮ್‌ನ ಅರ್ಧಾಯು ಗಂಟೆಗಳಲ್ಲಿ ಹೆಚ್ಚುಕಡಿಮೆ ನಿಮ್ಮ ವಯಸ್ಸಿನಷ್ಟೇ! ಇಪ್ಪತ್ತರ ಹುಡುಗನಿಗೆ ಸುಮಾರು 20 ಗಂಟೆ, ಎಂಬತ್ತರ ಅಜ್ಜನಿಗೆ ಸುಮಾರು 80. ವಯಸ್ಸಾದ ಮೈಯಲ್ಲಿ ಸ್ನಾಯು ಕಡಿಮೆಯಾಗಿ ಕೊಬ್ಬಿನ ಪಾಲು ಹೆಚ್ಚುತ್ತದೆ, ಕೊಬ್ಬಿನಲ್ಲಿ ಕರಗುವ ಈ ಮದ್ದು ಅಲ್ಲಿ ಮನೆ ಮಾಡುತ್ತದೆ. ಲೆಕ್ಕ ಹಾಕಿ ನೋಡಿ. ದಿನಕ್ಕೊಂದು ಮಾತ್ರೆ ನುಂಗುತ್ತಾ ಹೋದರೆ ಹುಡುಗನ ಮೈಯಲ್ಲಿ ಕೊನೆಗೆ ನಿಲ್ಲುವುದು ಎರಡು ಮಾತ್ರೆಗಿಂತ ಕಡಿಮೆ. ಅಜ್ಜನ ಮೈಯಲ್ಲಿ ಐದಕ್ಕಿಂತ ಸ್ವಲ್ಪ ಜಾಸ್ತಿ. ಚೀಟಿಯಲ್ಲಿ ಬರೆದದ್ದು ಒಂದೇ ಮಾತ್ರೆ. ರಾತ್ರಿ ಬಚ್ಚಲಿಗೆ ಹೋಗುವಾಗ ತೂರಾಡಿ ಬೀಳುವುದು, ಸೊಂಟದ ಮೂಳೆ ಮುರಿಯುವುದು, ಮರೆವು ಹೆಚ್ಚುವುದು ಯಾಕೆ ಅಂತ ಈಗ ಗೊತ್ತಾಗುತ್ತೆ, ಅಲ್ವಾ?

ಆಲ್ಪ್ರಜೋಲಾಮ್ ಕಥೆ ಬೇರೆ. ವಯಸ್ಸಾದವರಲ್ಲಿ ಅದರ ಅರ್ಧಾಯು ಸುಮಾರು 16 ಗಂಟೆ. ರಾತ್ರಿ ಹತ್ತಕ್ಕೆ ನುಂಗಿದ್ದು ಮರುದಿನ ಮಧ್ಯಾಹ್ನ ಎರಡಕ್ಕೆ ಅರ್ಧ. ಸಂಜೆ ಹೊತ್ತಿಗೆ ಕಾರಣವಿಲ್ಲದೆ ಕಳವಳ, ಎದೆ ಡವಡವ. "ನನ್ನ ಟೆನ್ಷನ್ ಶುರುವಾಯ್ತು" ಅಂತ ಅವರು ಅಂದುಕೊಳ್ಳುತ್ತಾರೆ. ಎಷ್ಟೋ ಸಲ ಅದು ಮಾತ್ರೆ ಇಳಿಯುತ್ತಿರುವ ಸೂಚನೆ, ಬಿಡುವ ಮೊದಲೇ ಬಿಟ್ಟವರ ತೊಂದರೆ.

ಇಳಿಸುವುದು ಹೇಗೆ? ಅಮೆರಿಕದ ವ್ಯಸನ ವೈದ್ಯರ ಸಂಘ ಮತ್ತು ಇತರ ಸಂಘಟನೆಗಳು 2025ರಲ್ಲಿ ಒಟ್ಟಾಗಿ ಕೊಟ್ಟ ಸಲಹೆ: ಶುರುವಿನಲ್ಲಿ 2ರಿಂದ 4 ವಾರಕ್ಕೊಮ್ಮೆ ಶೇಕಡಾ 5ರಿಂದ 10ರಷ್ಟು ಮಾತ್ರ ಇಳಿಸಿ. ಆದರೆ 0.5 ಮಿಲಿಗ್ರಾಂ ಆಲ್ಪ್ರಜೋಲಾಮ್‌ನ ಹತ್ತನೇ ಒಂದು ಪಾಲು 0.05. ಬ್ಲೇಡು ಹಿಡಿದು ಅಡುಗೆ ಕಟ್ಟೆಯ ಮೇಲೆ ಆ ಪುಟ್ಟ ಮಾತ್ರೆ ಕತ್ತರಿಸಿದರೆ ಒಂದು ಚೂರು, ಒಂದಿಷ್ಟು ಪುಡಿ. ಇವತ್ತಿನ ಕಾಲು ನಾಳೆಯ ಕಾಲಿನಷ್ಟು ಇರುವುದಿಲ್ಲ. ಅದಕ್ಕೇ ಕೆಲವು ವೈದ್ಯರು ಡಯಾಜೆಪಾಮ್‌ಗೆ ಬದಲಿಸುತ್ತಾರೆ. ಆಷ್ಟನ್ ಲೆಕ್ಕದಲ್ಲಿ 0.5 ಮಿಲಿಗ್ರಾಂ ಆಲ್ಪ್ರಜೋಲಾಮ್‌ಗೆ ಸುಮಾರು 10 ಮಿಲಿಗ್ರಾಂ ಡಯಾಜೆಪಾಮ್ ಸಮ. ಅದರಲ್ಲಿ ಒಂದೊಂದೇ ಮಿಲಿಗ್ರಾಂ ಇಳಿಸುವುದು ಸುಲಭ, ಮೈಯಿಂದ ಹೊರಹೋಗುವುದೂ ನಿಧಾನ. ಆದರೆ ಅಜ್ಜನ ಐದು ಮಾತ್ರೆ ಲೆಕ್ಕ ಮರೆಯಬಾರದು. ಎಂಬತ್ತರವರಿಗೆ ಈ ಬದಲಾವಣೆ ಸರಿಯೇ ಅನ್ನುವುದನ್ನು ವೈದ್ಯರೇ ನೋಡಬೇಕು, ಯೂಟ್ಯೂಬ್ ಅಲ್ಲ. ಇನ್ನು ಎಸ್‌ಆರ್ ಅಂತ ಬರೆದ ಮಾತ್ರೆಯನ್ನು ಕತ್ತರಿಸಲೇಬೇಡಿ. ಇಡೀ ದಿನಕ್ಕೆ ನಿಧಾನವಾಗಿ ಬಿಡಬೇಕಾದ ಮದ್ದು ಒಟ್ಟಿಗೆ ಮೈ ಸೇರುತ್ತದೆ.

ಇಳಿಸುವಾಗ ಒಂದು ವಾರ ಹಗುರ, ಇನ್ನೊಂದು ವಾರ ಭಾರ. ಭಾರದ ವಾರದಲ್ಲಿ ಅದೇ ಪ್ರಮಾಣದಲ್ಲಿ ನಿಂತುಕೊಂಡರೆ ಸೋತಂತೆ ಅಲ್ಲ. ಇನ್ನೂ ಎರಡು ವಾರ ನಿಂತು ಮುಂದೆ ಹೋಗಬಹುದು. ಕೊನೆಯ ಚೂರು ಬಿಡುವುದು ಹಲವರಿಗೆ ಕಷ್ಟ. ಹತ್ತರಿಂದ ಒಂಬತ್ತಕ್ಕೆ ಇಳಿದರೆ ಹೋಗುವುದು ಹತ್ತನೇ ಒಂದು ಪಾಲು, ಒಂದರಿಂದ ಸೊನ್ನೆಗೆ ಇಳಿದರೆ ಇದ್ದದ್ದೆಲ್ಲಾ. ರಾತ್ರಿ ನಿದ್ದೆ ಬಾರದಿದ್ದರೆ ಹಾಸಿಗೆಯಲ್ಲಿ ಹೊರಳಾಡುವ ಬದಲು ಎದ್ದು, ಮಂದ ಬೆಳಕಿನಲ್ಲಿ ಕುರ್ಚಿಯಲ್ಲಿ ಕೂತು ಏನಾದರೂ ಓದುವುದು ಒಳ್ಳೆಯದು. ಕಣ್ಣು ಎಳೆದಾಗ ಮಲಗಿ. ಬಚ್ಚಲ ದಾರಿಯಲ್ಲಿ ದೀಪ ಇರಲಿ. ಎಷ್ಟೊತ್ತಿಗೆ ಮಲಗಿದರೂ ಏಳುವ ಹೊತ್ತು ಒಂದೇ ಇರಲಿ. ಮಧ್ಯಾಹ್ನದ ಮೇಲೆ ಕಾಫಿ ಬೇಡ. ಒಂಬತ್ತಕ್ಕೆ ಮಲಗಿ ಮೂರಕ್ಕೆ ಎಚ್ಚರವಾಯ್ತು ಅಂತ ಗೋಳಾಡುವವರಿಗೆ ಆರು ಗಂಟೆ ನಿದ್ದೆ ಆಗಿಯೇ ಇದೆ! ವಯಸ್ಸಾದಂತೆ ಗಾಢ ನಿದ್ದೆ ಕಡಿಮೆಯಾಗುತ್ತದೆ, ಎಚ್ಚರ ಬೇಗ ಆಗುತ್ತದೆ. ಮಾತ್ರೆ ಅದನ್ನು ಹಿಂದಕ್ಕೆ ತರುವುದಿಲ್ಲ.

ಕೆನಡಾದ ಕ್ಯೂಬೆಕ್‌ನಲ್ಲಿ ಇದನ್ನು ಪರೀಕ್ಷಿಸಿ ನೋಡಿದ್ದಾರೆ. 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವೈದ್ಯರ ಕಣ್ಗಾವಲಿನಲ್ಲಿ ಇಳಿಸಿದ್ದಷ್ಟೇ ಆದರೆ ಶೇಕಡಾ 48 ಹಿರಿಯರು ಮಾತ್ರೆ ಬಿಟ್ಟರು. ಜೊತೆಗೆ ನಿದ್ದೆಯ ಅಭ್ಯಾಸ ತಿದ್ದುವ ಚಿಕಿತ್ಸೆಯನ್ನೂ ಕೊಟ್ಟಾಗ ಶೇಕಡಾ 85. ವಯಸ್ಸಾದವರಿಗೆ ಇದೆಲ್ಲ ಆಗದು ಎಂಬ ಮಾತಿಗೆ ಇದಕ್ಕಿಂತ ಉತ್ತರ ಬೇಕಾ?

ನಮ್ಮಲ್ಲಿ ಎಡವಟ್ಟಾಗುವುದು ಆಸ್ಪತ್ರೆಯಲ್ಲಿ. ಅಜ್ಜಿಗೆ ಆಪರೇಷನ್. ಬಿಪಿ ಮಾತ್ರೆ, ಶುಗರ್ ಮಾತ್ರೆ ಎಲ್ಲ ಹೇಳಿದರು, ಹತ್ತು ವರ್ಷದಿಂದ ನುಂಗುವ ರಾತ್ರಿ ಮಾತ್ರೆ ಯಾರ ನೆನಪಿಗೂ ಬರಲಿಲ್ಲ. ಮೂರನೇ ರಾತ್ರಿ ಅಜ್ಜಿ ಗೋಡೆ ಮೇಲೆ ಇರುವೆ ಹರಿಯುತ್ತಿದೆ ಅನ್ನುತ್ತಾರೆ, ಡ್ರಿಪ್ ಕೀಳುತ್ತಾರೆ, ಸತ್ತವರ ಹೆಸರು ಹಿಡಿದು ಕರೆಯುತ್ತಾರೆ. ಮನೆಯವರು ಗಾಳಿ ಸೋಕಿದೆ ಅಂತ ತಾಯಿತ ಹುಡುಕುತ್ತಾರೆ. ಸೋಂಕು, ನೋವಿನ ಮದ್ದು, ಇನ್ನೂ ಹಲವು ಕಾರಣಕ್ಕೆ ಹೀಗಾಗಬಹುದು, ನಿಜ. ಆದರೆ ನಿಂತುಹೋದ ಮಾತ್ರೆಯ ವಿಷಯ ತಿಳಿಯದಿದ್ದರೆ ವೈದ್ಯರು ಅದನ್ನು ಹುಡುಕುವುದಾದರೂ ಹೇಗೆ?

ಇನ್ನೊಂದು ಎಡವಟ್ಟು ಮೆಡಿಕಲ್ ಶಾಪ್‌ನಲ್ಲಿ. 2014ರಿಂದ ಆಲ್ಪ್ರಜೋಲಾಮ್, ಡಯಾಜೆಪಾಮ್‌ನಂಥ ಮಾತ್ರೆಗಳು ಎಚ್1 ಎಂಬ, ಬಿಗಿ ನಿಯಮದ ಸರ್ಕಾರಿ ಔಷಧ ಪಟ್ಟಿಯಲ್ಲಿವೆ. ಚೀಟಿ ಇಲ್ಲದೆ ಕೊಡುವಂತಿಲ್ಲ, ಕೊಟ್ಟದ್ದನ್ನು ಬೇರೆ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. ಒಳ್ಳೆಯ ನಿಯಮವೇ. ಆದರೆ ಹಳೇ ಚೀಟಿಯಲ್ಲೇ ವರ್ಷಗಟ್ಟಲೆ ತಂದವರಿಗೆ ಅಂಗಡಿಯವನು ಒಂದು ದಿನ "ಇನ್ನು ಕೊಡಲ್ಲ" ಅಂದರೆ ಅಂದೇ ಹತ್ತಿ ಕಿತ್ತಂತೆ. ಆ ಪರಿಸ್ಥಿತಿ ಬಂದರೆ ಸ್ಟ್ರಿಪ್‌ನಲ್ಲಿ ಇನ್ನೂ ನಾಲ್ಕೈದು ಮಾತ್ರೆ ಇರುವಾಗಲೇ ವೈದ್ಯರ ಬಳಿ ಹೋಗಿ. ಯಾರನ್ನು ಕೇಳಬೇಕು ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ವಿಚಾರಿಸಬಹುದು. ಫಿಟ್ಸ್ ಬಂದರೆ, ಇಲ್ಲದ್ದು ಕಂಡರೆ, ಮಾತು ಗಲಿಬಿಲಿಯಾದರೆ ಫೋನು ಸಾಲದು, ನೇರ ಆಸ್ಪತ್ರೆಗೆ ಹೋಗಿ. ಖಾಲಿ ಸ್ಟ್ರಿಪ್ಪನ್ನೂ ಕೈಯಲ್ಲಿ ಹಿಡಿದುಕೊಂಡು ಹೋಗಿ.