ಬಜೆಟ್ ಆ್ಯಪ್ ತೋರಿಸುವ ಖರ್ಚು ಯಾಕೆ ತಾಳೆಯಾಗುವುದಿಲ್ಲ?

ಬಜೆಟ್ ಆ್ಯಪ್ ಹಾಕಿಕೊಂಡು ಎರಡೇ ತಿಂಗಳಲ್ಲಿ ಕೈಬಿಡುವವರಿಗೆ ಸೋಮಾರಿಗಳೆಂಬ ಹೆಸರು ಬರುತ್ತದೆ. ಆದರೆ ತಪ್ಪು ಹೆಚ್ಚಾಗಿ ಲೆಕ್ಕದಲ್ಲೇ ಇರುತ್ತದೆ. ಮನೆಯಲ್ಲಿ ನಲವತ್ತು ಸಾವಿರ ಖರ್ಚಾಗಿದ್ದರೆ ಆ್ಯಪ್ ಎಪ್ಪತ್ತು ಎನ್ನುತ್ತದೆ. ಅದನ್ನು ಯಾರು ನಂಬಬೇಕು?

ಇಂಥ ಅನೇಕ ಆ್ಯಪ್‌ಗಳು ಬ್ಯಾಂಕಿನ ಎಸ್‌ಎಂಎಸ್ ಓದಿ ಲೆಕ್ಕ ಬರೆದುಕೊಳ್ಳುತ್ತವೆ. (ಐಫೋನ್‌ನಲ್ಲಿ ಎಸ್‌ಎಂಎಸ್ ಓದಲು ಆ್ಯಪ್‌ಗಳಿಗೆ ಅವಕಾಶವಿಲ್ಲ, ಅಲ್ಲಿ ಕೈಯಿಂದಲೇ ತುಂಬಬೇಕು, ಇಲ್ಲವೇ ಬ್ಯಾಂಕಿನ ಲೆಕ್ಕವನ್ನು ಆ್ಯಪ್‌ಗೆ ತಲುಪಿಸುವ ‘ಅಕೌಂಟ್ ಅಗ್ರಿಗೇಟರ್’ ಎಂಬ ಮಧ್ಯವರ್ತಿ ಸಂಸ್ಥೆಯ ಮೂಲಕ ಒಪ್ಪಿಗೆ ಕೊಡಬೇಕು. ಆ ಒಪ್ಪಿಗೆಯನ್ನು ಬೇಕೆಂದಾಗ ಹಿಂಪಡೆಯಬಹುದು.) ಖಾತೆಯಿಂದ ಹೋದದ್ದೆಲ್ಲ ಆ್ಯಪ್ ಕಣ್ಣಿಗೆ ಖರ್ಚೇ. ತೊಂದರೆ ಶುರುವಾಗುವುದು ಇಲ್ಲಿಂದ.

ಕ್ರೆಡಿಟ್ ಕಾರ್ಡನ್ನೇ ನೋಡಿ. ಹತ್ತನೇ ತಾರೀಕು ಕಾರ್ಡ್ ಉಜ್ಜಿ ₹3,200 ದಿನಸಿ ತಂದಿರಿ. ಒಂದು ಎಸ್‌ಎಂಎಸ್ ಬಂತು. ಮುಂದಿನ ತಿಂಗಳು ಅದರ ಬಿಲ್ ಕಟ್ಟಿದಿರಿ; ಉಳಿತಾಯ ಖಾತೆಯಿಂದ ಇನ್ನೊಂದು ಬಂತು. ಖರ್ಚು ₹6,400 ಆಗಿಹೋಯಿತು. ಬಿಲ್ ಕಟ್ಟಿದ ನಮೂದನ್ನು ತೆರೆದು ‘ಖರ್ಚು’ ಇದ್ದಲ್ಲಿ ‘ವರ್ಗಾವಣೆ’ ಎಂದು ಬದಲಿಸಿ. ಹೆಂಡತಿಯ ಖಾತೆಗೆ ಮನೆಖರ್ಚಿಗೆಂದು ಹಾಕಿದ ಹಣ (ಆ ಖಾತೆಯ ಖರ್ಚೂ ಇದೇ ಆ್ಯಪ್‌ಗೆ ಬರುತ್ತಿದ್ದರೆ ಮಾತ್ರ), ಆರ್‌ಡಿ ಕಂತು, ನಿಮ್ಮದೇ ಇನ್ನೊಂದು ಬ್ಯಾಂಕಿಗೆ ಕಳಿಸಿದ್ದು, ಎಲ್ಲಕ್ಕೂ ಇದೇ ಮದ್ದು.

ಚೀಟಿಯದು ಸ್ವಲ್ಪ ನಾಜೂಕು. ₹5,000 ಕಂತಿಗೆ ಡಿವಿಡೆಂಡ್ (ಹರಾಜಿನಲ್ಲಿ ಬಿಟ್ಟುಕೊಟ್ಟ ಹಣದಲ್ಲಿ ನಿಮ್ಮ ಪಾಲು) ಕಳೆದು ₹4,300 ಕಟ್ಟಿದರೆ, ಚೀಟಿ ಎತ್ತುವವರೆಗೆ ಅದು ಉಳಿತಾಯ. ಎತ್ತಿದ ಮೇಲೆ ಕಟ್ಟುವ ಕಂತು ಸಾಲ ತೀರಿಸಿದ ಹಾಗೆ. ಎತ್ತಿದ ದೊಡ್ಡ ಮೊತ್ತವನ್ನು ‘ಆದಾಯ’ ಎಂದು ಬಿಟ್ಟುಬಿಟ್ಟರೆ ಆ ತಿಂಗಳು ನೀವು ದಿಢೀರ್ ಶ್ರೀಮಂತರು, ಅಷ್ಟೆ.

ಎಟಿಎಂನಿಂದ ತೆಗೆದ ಹಣಕ್ಕೆ ‘ನಗದು’ ಎಂಬ ಬೇರೆ ಖಾತೆ ಮಾಡಿ. ಸೊಪ್ಪಿಗೆ ಹತ್ತು, ಆಟೋಗೆ ನಲವತ್ತು ಎಂದು ಬರೆಯುತ್ತಾ ಕೂರಬೇಡಿ. ಭಾನುವಾರ ಪರ್ಸ್ ಎಣಿಸಿ, ಕಮ್ಮಿಯಾದಷ್ಟನ್ನು ‘ಚಿಲ್ಲರೆ ಖರ್ಚು’ ಎಂದು ಒಂದೇ ಸಾಲಿನಲ್ಲಿ ಹಾಕಿದರೆ ಸಾಕು. ಪಿನ್ ಒತ್ತದೆ ಸಣ್ಣ ಮೊತ್ತ ಕಟ್ಟಲು ಮೊದಲೇ ಹಣ ತುಂಬಿಸಿಡುವ ಯುಪಿಐ ಲೈಟ್ ಕೂಡ ಹೀಗೆಯೇ. ಅದಕ್ಕೆ ₹2,000 ತುಂಬಿಸಿದ್ದಷ್ಟೇ ಪಾಸ್‌ಬುಕ್ಕಿನಲ್ಲಿ ಕಾಣುತ್ತದೆ, ಒಳಗಿನ ಚಹಾ-ತರಕಾರಿ ಕಾಣುವುದಿಲ್ಲ.

ಇನ್ನು ವಿಭಾಗಗಳು. ಎಂಟು-ಹತ್ತಕ್ಕಿಂತ ಹೆಚ್ಚು ಬೇಡ. ಹಾಲು, ತರಕಾರಿ, ದಿನಸಿ ಮೂರೂ ‘ಅಡುಗೆಮನೆ’ಗೆ ಸೇರಲಿ. ಯುಪಿಐನಲ್ಲಿ ಅಂಗಡಿಯ ಬೋರ್ಡಿನ ಹೆಸರಿನ ಬದಲು ಮಾಲೀಕರ ಹೆಸರು ಬರುವುದುಂಟು. ತಿಂಗಳು ಕಳೆದ ಮೇಲೆ ಅದು ತರಕಾರಿಯವರೋ ದರ್ಜಿಯೋ ನೆನಪಾಗುವುದಿಲ್ಲ. ಆ ವಾರವೇ ವಿಭಾಗ ಹಚ್ಚಿ, ‘ಮುಂದೆಯೂ ಹೀಗೇ’ ಎಂಬ ಆಯ್ಕೆ ಇದ್ದರೆ ಒತ್ತಿಬಿಡಿ.

ಮೊದಲ ತಿಂಗಳು ಮಿತಿ ಹಾಕುವ ಗೋಜಿಗೆ ಹೋಗಬೇಡಿ. ಈ ತಿದ್ದುಪಡಿಗಳೇ ಸಾಕಷ್ಟು ಕೆಲಸ. ಎರಡನೇ ತಿಂಗಳಿಂದ ಮಿತಿ ಹಾಕುವಾಗ ವರ್ಷಕ್ಕೊಮ್ಮೆ ಬರುವ ಖರ್ಚುಗಳಿಂದ ಶುರು ಮಾಡಿ, ಬಜೆಟ್ ಮುರಿದು ಬೀಳುವುದು ಅಲ್ಲೇ. ಶಾಲೆ ಫೀಸು ₹48,000, ವಿಮೆ ಕಂತು ₹14,400, ಆಸ್ತಿ ತೆರಿಗೆ ಮತ್ತು ಗಾಡಿ ಇನ್ಶೂರೆನ್ಸ್ ಸೇರಿ ₹9,600 ಎಂದುಕೊಳ್ಳಿ. ಒಟ್ಟು ₹72,000, ಅಂದರೆ ತಿಂಗಳಿಗೆ ₹6,000. ಸಂಬಳ ಬಂದ ದಿನವೇ ಅಷ್ಟನ್ನು ಬೇರೆ ಖಾತೆಗೆ ಸರಿಸಿದರೆ ಜೂನ್‌ನಲ್ಲಿ ಒಡವೆ ಅಡ ಇಡುವ ಮಾತು ಬರುವುದಿಲ್ಲ. ಆದರೆ ಜನವರಿಯಲ್ಲಿ ಶುರು ಮಾಡಿದವರಿಗೆ ಜೂನ್ ಹೊತ್ತಿಗೆ ಪೂರ್ತಿ ಫೀಸು ಕೂಡಿರುವುದಿಲ್ಲ. ಮೊದಲ ವರ್ಷ ಕಂತು ಹೆಚ್ಚೇ ಇಡಬೇಕು.

ಸೆಟ್ಟಿಂಗ್‌ನಲ್ಲಿ ತಿಂಗಳ ಆರಂಭದ ದಿನವನ್ನೂ ಬದಲಿಸಿ. ಒಂದನೇ ತಾರೀಕು ಭಾನುವಾರವಾಗಿ ಸಂಬಳ ಮುಂಚೆಯೇ ಬಿದ್ದರೆ ಒಂದು ತಿಂಗಳಿಗೆ ಎರಡು ಸಂಬಳ, ಮುಂದಿನದಕ್ಕೆ ಸೊನ್ನೆ ಕಾಣುತ್ತದೆ. 28 ಎಂದಿಟ್ಟರೆ ಈ ಗೊಂದಲ ಬಹುಮಟ್ಟಿಗೆ ಇರುವುದಿಲ್ಲ.

ಮೂರು ತಿಂಗಳಿಗೊಮ್ಮೆ ಲೆಕ್ಕವನ್ನು ಎಕ್ಸೆಲ್ ಅಥವಾ ಸಿಎಸ್‌ವಿ ಕಡತವಾಗಿ ಇಳಿಸಿಕೊಳ್ಳಿ. ಅಮೆರಿಕದಲ್ಲಿ ಬಹಳ ಹೆಸರು ಮಾಡಿದ್ದ ಮಿಂಟ್ ಆ್ಯಪನ್ನೇ ಅದರ ಕಂಪನಿ 2024ರ ಮಾರ್ಚ್‌ನಲ್ಲಿ ಮುಚ್ಚಿತು. ಕಡತ ಇಳಿಸಿಕೊಳ್ಳಲು ಬಿಡದ ಆ್ಯಪ್ ಆಗಿದ್ದರೆ ಎಷ್ಟೇ ಚೆನ್ನಾಗಿದ್ದರೂ ಬೇರೆಯದನ್ನು ನೋಡಿ.