ಮತ ಕೇಳುವ ನ್ಯಾಯಮೂರ್ತಿಗಳು: ಅಮೆರಿಕದ ರಾಜ್ಯಗಳಲ್ಲಿ ಒಂದು ವ್ಯಾಜ್ಯ ಬೆಳೆದು ಬಂದ ಬಗೆ

ಅಮೆರಿಕದ ಫೆಡರಲ್ ನ್ಯಾಯಾಧೀಶರನ್ನು ಅಧ್ಯಕ್ಷರು ಹೆಸರಿಸುತ್ತಾರೆ, ಸೆನೆಟ್ ಒಪ್ಪಿಗೆ ಕೊಡುತ್ತದೆ, ಆಮೇಲೆ ಅವರ ಹುದ್ದೆ ಆಜೀವ. ಆದರೆ ಕೊಲೆ, ವಿಚ್ಛೇದನ, ಜಮೀನು, ಅಪಘಾತ ಪರಿಹಾರದಂಥ ಬಹುಪಾಲು ಮೊಕದ್ದಮೆಗಳು ನಡೆಯುವುದು ರಾಜ್ಯಗಳ ನ್ಯಾಯಾಲಯಗಳಲ್ಲಿ, ಮತ್ತು ಅಲ್ಲಿನ ಪದ್ಧತಿಯೇ ಬೇರೆ. 50 ರಾಜ್ಯಗಳ ಪೈಕಿ 38ರಲ್ಲಿ ಅತ್ಯುನ್ನತ ನ್ಯಾಯಾಲಯದ ನ್ಯಾಯಮೂರ್ತಿಗಳು ಒಂದಲ್ಲ ಒಂದು ಹಂತದಲ್ಲಿ ಮತದಾರರ ಎದುರು ನಿಲ್ಲಬೇಕು. ಕೆಲವೆಡೆ ಮತಪತ್ರದಲ್ಲಿ ಪಕ್ಷದ ಹೆಸರಿರುತ್ತದೆ, ಕೆಲವೆಡೆ ಇರುವುದಿಲ್ಲ. ಇನ್ನು ಕೆಲವೆಡೆ ಎದುರಾಳಿಯೇ ಇಲ್ಲದೆ, ಇವರು ಮುಂದುವರಿಯಬೇಕೇ ಬೇಡವೇ ಎಂದಷ್ಟೇ ಕೇಳಲಾಗುತ್ತದೆ.

ರಾಜ್ಯಪಾಲರ ಮತ್ತು ಶಾಸಕರ ಹಂಗಿನಿಂದ ನ್ಯಾಯಾಧೀಶರನ್ನು ಬಿಡಿಸಬೇಕೆಂಬ ಉದ್ದೇಶದಿಂದಲೇ ಈ ಪದ್ಧತಿ ಹುಟ್ಟಿತು. 1832ರಲ್ಲಿ ಮಿಸಿಸಿಪ್ಪಿ ತನ್ನ ಎಲ್ಲ ನ್ಯಾಯಾಧೀಶರನ್ನೂ ಚುನಾವಣೆಗೆ ಒಪ್ಪಿಸಿತು, 1846ರಲ್ಲಿ ನ್ಯೂಯಾರ್ಕ್ ಅದೇ ದಾರಿ ಹಿಡಿದ ಮೇಲೆ ಉಳಿದ ರಾಜ್ಯಗಳು ಸಾಲುಗಟ್ಟಿದವು. ಶಾಸಕರ ಹಂಗು ಹೋಗಿ ಪಕ್ಷದ ಮುಖಂಡರ ಹಂಗು ಬಂದಾಗ, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹಲವು ರಾಜ್ಯಗಳು ಮತಪತ್ರದಿಂದ ಪಕ್ಷದ ಹೆಸರನ್ನು ತೆಗೆದವು. 1940ರಲ್ಲಿ ಮಿಸೌರಿ, ಆಯ್ಕೆ ಸಮಿತಿಯ ಪಟ್ಟಿಯಿಂದ ನೇಮಿಸಿ ಬಳಿಕ ಜನರ ಒಪ್ಪಿಗೆ ಪಡೆಯುವ ಮಧ್ಯದ ದಾರಿಯನ್ನು ತಂದಿತು. ಆ ಒಪ್ಪಿಗೆಯೂ ಬರೀ ಶಾಸ್ತ್ರವಾಗಿ ಉಳಿಯಲಿಲ್ಲ. ಮರಣದಂಡನೆಯ ತೀರ್ಪುಗಳ ಕಾರಣಕ್ಕೆ 1986ರಲ್ಲಿ ಕ್ಯಾಲಿಫೋರ್ನಿಯಾದ ಮುಖ್ಯ ನ್ಯಾಯಮೂರ್ತಿ ರೋಸ್ ಬರ್ಡ್ ಸೇರಿ ಮೂವರು, ಸಲಿಂಗ ವಿವಾಹದ ತೀರ್ಪಿನ ಕಾರಣಕ್ಕೆ 2010ರಲ್ಲಿ ಅಯೋವಾದ ಮೂವರು ಪೀಠ ಕಳೆದುಕೊಂಡರು.

ಕಾನೂನಿನ ಜಗಳ ತೀವ್ರವಾದದ್ದು 2002ರಿಂದ ಈಚೆಗೆ. ವಿವಾದಿತ ವಿಷಯಗಳ ಬಗ್ಗೆ ಅಭ್ಯರ್ಥಿಗಳು ತಮ್ಮ ನಿಲುವನ್ನು ಹೇಳಬಾರದೆಂಬ ಮಿನ್ನೆಸೋಟದ ನಿಯಮವನ್ನು ಆ ವರ್ಷ ಅಮೆರಿಕದ ಸುಪ್ರೀಂ ಕೋರ್ಟ್ 5–4ರಲ್ಲಿ ರದ್ದುಮಾಡಿತು. ಚುನಾವಣೆ ಇಟ್ಟ ಮೇಲೆ ಅಭ್ಯರ್ಥಿಯ ಬಾಯಿ ಕಟ್ಟಲಾಗದು ಎಂಬುದು ಅದರ ತರ್ಕ. ಆ ತರ್ಕವನ್ನು ಅಲ್ಲಗಳೆಯುವುದು ಕಷ್ಟ. ಆದರೆ ಮಾತು ಮುಕ್ತವಾದ ಮೇಲೆ ಅದರ ಹಿಂದೆಯೇ ಬರುವ ಹಣವನ್ನು ಏನು ಮಾಡಬೇಕೆಂಬ ಪ್ರಶ್ನೆ ಹಾಗೆಯೇ ಉಳಿಯಿತು.

ಆ ಪ್ರಶ್ನೆ ಬೆತ್ತಲಾಗಿ ಕಂಡದ್ದು ವೆಸ್ಟ್ ವರ್ಜೀನಿಯಾದಲ್ಲಿ. ಸಣ್ಣ ಕಲ್ಲಿದ್ದಲು ಕಂಪನಿಯೊಂದರ ಮಾಲೀಕ ಹ್ಯೂ ಕೇಪರ್ಟನ್, ಮ್ಯಾಸ್ಸಿ ಎಂಬ ದೊಡ್ಡ ಕಲ್ಲಿದ್ದಲು ಸಂಸ್ಥೆ ತನ್ನ ವ್ಯವಹಾರವನ್ನು ಮುಳುಗಿಸಿತೆಂದು ದಾವೆ ಹೂಡಿದ್ದರು. 2002ರಲ್ಲಿ ಅಲ್ಲಿನ ಜ್ಯೂರಿ ಅವರಿಗೆ 5 ಕೋಟಿ ಡಾಲರ್ ಪರಿಹಾರ ಕೊಡಿಸಿತು. ಮೇಲ್ಮನವಿ ರಾಜ್ಯದ ಅತ್ಯುನ್ನತ ನ್ಯಾಯಾಲಯಕ್ಕೇ ಹೋಗಬೇಕಿತ್ತು, ಅಲ್ಲಿನ ಒಂದು ಸ್ಥಾನಕ್ಕೆ 2004ರಲ್ಲಿ ಚುನಾವಣೆಯಿತ್ತು. ಮ್ಯಾಸ್ಸಿಯ ಮುಖ್ಯಸ್ಥರು ಬ್ರೆಂಟ್ ಬೆಂಜಮಿನ್ ಎಂಬ ಅಭ್ಯರ್ಥಿಯ ಪರವಾಗಿ ಸುಮಾರು 30 ಲಕ್ಷ ಡಾಲರ್ ಖರ್ಚು ಮಾಡಿದರು. ಅಭ್ಯರ್ಥಿಗೆ ನೇರವಾಗಿ ಕೊಟ್ಟದ್ದು ಕಾನೂನಿನ ಮಿತಿಯಾದ 1,000 ಡಾಲರ್ ಮಾತ್ರ. ಉಳಿದದ್ದರಲ್ಲಿ ಹೆಚ್ಚಿನ ಪಾಲು, ‘ಮಕ್ಕಳಿಗಾಗಿ’ ಎಂಬರ್ಥದ ಹೆಸರು ಹೊತ್ತು ಎದುರಾಳಿಯ ವಿರುದ್ಧ ಪ್ರಚಾರ ನಡೆಸಿದ ಗುಂಪಿಗೆ ಹೋಯಿತು. ಬೆಂಜಮಿನ್ 53.3% ಮತ ಪಡೆದು ಗೆದ್ದರು.

ಅವರು ವಿಚಾರಣೆಯಿಂದ ಹಿಂದೆ ಸರಿಯಬೇಕೆಂದು ಕೇಪರ್ಟನ್ ಮತ್ತೆ ಮತ್ತೆ ಕೇಳಿಕೊಂಡರು. ಅರ್ಜಿಯನ್ನು ನಿರ್ಧರಿಸುವವರೂ ಬೆಂಜಮಿನ್ನರೇ ಆಗಿದ್ದರಿಂದ ಪ್ರತಿ ಬಾರಿಯೂ ಅದು ತಿರಸ್ಕೃತವಾಯಿತು. 2007ರಲ್ಲಿ ಪರಿಹಾರದ ಆದೇಶ 3–2ರಲ್ಲಿ ರದ್ದಾಯಿತು. ಬಳಿಕ ಆ ಪೀಠದ ಮತ್ತೊಬ್ಬ ನ್ಯಾಯಮೂರ್ತಿ ಮ್ಯಾಸ್ಸಿ ಮುಖ್ಯಸ್ಥರೊಂದಿಗೆ ಫ್ರಾನ್ಸಿನ ಕಡಲತೀರದಲ್ಲಿದ್ದ ಛಾಯಾಚಿತ್ರಗಳು ಹೊರಬಿದ್ದು, ಮರುವಿಚಾರಣೆಯಿಂದ ಅವರು ಹೊರನಡೆದರು. ಮ್ಯಾಸ್ಸಿಯನ್ನು ಬಹಿರಂಗವಾಗಿ ಟೀಕಿಸಿದ್ದ ಇನ್ನೊಬ್ಬರೂ ಹೊರನಡೆದರು. ಅವರ ಜಾಗಕ್ಕೆ ಬದಲಿಯವರನ್ನು ಆರಿಸಿದ್ದು ಹಂಗಾಮಿ ಮುಖ್ಯ ನ್ಯಾಯಮೂರ್ತಿಯಾಗಿದ್ದ ಬೆಂಜಮಿನ್. ಫಲಿತಾಂಶ ಮತ್ತೆ 3–2. ಇಲ್ಲಿ ಯಾವ ಹೆಜ್ಜೆಯೂ ರಾಜ್ಯದ ನಿಯಮವನ್ನು ಮೀರಿರಲಿಲ್ಲ ಎಂಬುದೇ ಇಡೀ ಪ್ರಕರಣದ ಕಳವಳದ ಸಂಗತಿ.

2009ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ 5–4ರಲ್ಲಿ, ಬೆಂಜಮಿನ್ ಹಿಂದೆ ಸರಿಯಲೇಬೇಕಿತ್ತು ಎಂದಿತು. ಎಷ್ಟು ಹಣವಾದರೆ ಅತಿ ಎಂಬುದಕ್ಕೆ ಮಾತ್ರ ಗೆರೆ ಎಳೆಯಲಿಲ್ಲ. ಮುಖ್ಯ ನ್ಯಾಯಮೂರ್ತಿ ರಾಬರ್ಟ್ಸ್ ತಮ್ಮ ಭಿನ್ನಮತದಲ್ಲಿ ಉತ್ತರ ಸಿಗದ 40 ಪ್ರಶ್ನೆಗಳನ್ನು ಪಟ್ಟಿ ಮಾಡಿದರು. ಬೆಂಜಮಿನ್ ಇಲ್ಲದ ಪೀಠವೂ ಅದೇ ನವೆಂಬರ್‌ನಲ್ಲಿ ಕೇಪರ್ಟನ್ ವಿರುದ್ಧವೇ ತೀರ್ಪಿತ್ತಿತು.

ಅನಂತರ ಒಂದೊಂದು ರಾಜ್ಯ ಒಂದೊಂದು ದಿಕ್ಕಿಗೆ ನಡೆಯಿತು. ಅಭ್ಯರ್ಥಿಗಳು ಖುದ್ದಾಗಿ ದೇಣಿಗೆ ಕೇಳಬಾರದೆಂಬ ಫ್ಲಾರಿಡಾದ ನಿಯಮವನ್ನು 2015ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ವೆಸ್ಟ್ ವರ್ಜೀನಿಯಾ ಪಕ್ಷದ ಹೆಸರನ್ನು ಕೈಬಿಟ್ಟಿತು. ನಾರ್ತ್ ಕೆರೊಲಿನಾ ಅಭ್ಯರ್ಥಿಗಳಿಗೆ ಕೊಡುತ್ತಿದ್ದ ಸರ್ಕಾರಿ ಅನುದಾನವನ್ನು 2013ರಲ್ಲಿ ನಿಲ್ಲಿಸಿ, 2018ರ ಚುನಾವಣೆಯ ಹೊತ್ತಿಗೆ ಪಕ್ಷದ ಹೆಸರನ್ನು ಮರಳಿ ತಂದಿತು. ಅಲ್ಲಿಯೇ 2024ರ ಚುನಾವಣೆಯಲ್ಲಿ ನ್ಯಾಯಮೂರ್ತಿ ಆಲಿಸನ್ ರಿಗ್ಸ್ 734 ಮತಗಳಿಂದ ಮುಂದಿದ್ದರೂ, 60,000ಕ್ಕೂ ಹೆಚ್ಚು ಮತಪತ್ರಗಳ ಸಿಂಧುತ್ವವನ್ನು ಎದುರಾಳಿ ಪ್ರಶ್ನಿಸಿದ್ದರಿಂದ, 2025ರ ಮೇ ತಿಂಗಳಲ್ಲಿ ಫೆಡರಲ್ ನ್ಯಾಯಾಲಯ ತೀರ್ಪು ಕೊಡುವವರೆಗೆ ಗೆಲುವು ಖಚಿತವಾಗಲಿಲ್ಲ. ನಡುವೆ ಆ ವ್ಯಾಜ್ಯ ರಿಗ್ಸ್ ಅವರ ಸಹೋದ್ಯೋಗಿಗಳ ಪೀಠದ ಮುಂದೆಯೂ ಬಂದಿತ್ತು. ರಿಗ್ಸ್ ಅದರ ವಿಚಾರಣೆಯಿಂದ ದೂರ ಉಳಿದರು.

ವಿಸ್ಕಾನ್ಸಿನ್‌ನಲ್ಲಿ, ಕಾನೂನುಬದ್ಧ ದೇಣಿಗೆಯೊಂದೇ ನ್ಯಾಯಮೂರ್ತಿ ಹಿಂದೆ ಸರಿಯಲು ಕಾರಣವಾಗದು ಎಂಬ ನಿಯಮವನ್ನು ಅಲ್ಲಿನ ಸುಪ್ರೀಂ ಕೋರ್ಟ್ 4–3ರಲ್ಲಿ ಅಂಗೀಕರಿಸಿ 2010ರಲ್ಲಿ ಜಾರಿಗೆ ತಂದಿತ್ತು. ದೇಣಿಗೆಗೆ ಒಂದು ಮಿತಿ ಗೊತ್ತುಮಾಡಿ, ಅದಕ್ಕಿಂತ ಹೆಚ್ಚು ಪಡೆದವರು ಹಿಂದೆ ಸರಿಯಲಿ ಎಂದು 54 ನಿವೃತ್ತ ನ್ಯಾಯಾಧೀಶರು ಸಲ್ಲಿಸಿದ ಮನವಿಯನ್ನು 2017ರಲ್ಲಿ ಅದೇ ನ್ಯಾಯಾಲಯ 5–2ರಲ್ಲಿ ತಳ್ಳಿಹಾಕಿತು. 2023ರಲ್ಲಿ ಅಲ್ಲಿನ ಒಂದು ಸ್ಥಾನಕ್ಕೆ 5 ಕೋಟಿ ಡಾಲರ್‌ಗೂ ಹೆಚ್ಚು ಖರ್ಚಾಯಿತು. 2025ರ ಏಪ್ರಿಲ್‌ನಲ್ಲಿ, ಸೂಸನ್ ಕ್ರಾಫರ್ಡ್ ಗೆದ್ದ ಚುನಾವಣೆಯಲ್ಲಿ, ಎರಡೂ ಕಡೆಯ ವೆಚ್ಚ ಸುಮಾರು 10 ಕೋಟಿ ಡಾಲರ್ ಮುಟ್ಟಿತು. ಆ ಸ್ಥಾನದ ಅವಧಿ 10 ವರ್ಷ.