ಅಲೆ ತಡೆದರೆ ನೀರೂ ನಿಲ್ಲುತ್ತದೆ: ಮರೀನಾ ಬಗ್ಗೆ ಗಾಳದವರು ಕೇಳಬೇಕಾದ್ದು

ಕಡಲ ದಂಡೆಯಲ್ಲಿ ಮರೀನಾ, ಅಂದರೆ ಯಾಟ್‌ನಂಥ ವಿಹಾರದ ದೋಣಿಗಳ ತಂಗುದಾಣ, ಕಟ್ಟುವ ಪ್ರಸ್ತಾವ ಬಂದರೆ ಜನರ ಅಹವಾಲು ಕೇಳಲು ಸಭೆ ಕರೆಯುತ್ತಾರೆ. ಪರಿಸರ ವರದಿಗಳನ್ನು ಪರಿಶೀಲಿಸುವುದು ನನ್ನ ಕೆಲಸ, ಹಾಗಾಗಿ ಇಂಥ ಸಭೆಗಳಲ್ಲಿ ಕೂತಿದ್ದೇನೆ. ಹವ್ಯಾಸಕ್ಕೆ ಗಾಳ ಹಾಕುವವರು ಎದ್ದು ನಿಂತ ಕೂಡಲೇ, ಇವರಿಗೆ ಕೂರುವ ಜಾಗ ಹೋಗುತ್ತದೆ, ಅದಕ್ಕೇ ಈ ಗಲಾಟೆ ಎಂದು ಹಲವರು ತೀರ್ಮಾನಿಸಿಬಿಡುತ್ತಾರೆ. ನನಗೆ ಇದು ನೋವಿನ ಸಂಗತಿ. ವರ್ಷಗಟ್ಟಲೆ ಒಂದೇ ಬಂಡೆಯ ಮೇಲೆ ಕೂತು ನೀರು ನೋಡಿದವರು ಅವರು. ನಾಲ್ಕು ದಿನ ಬಂದು ಬಾಟಲಿಯಲ್ಲಿ ನೀರು ತುಂಬಿಕೊಂಡು ಹೋದವರಿಗೆ ಕಾಣದ್ದು ಅವರಿಗೆ ಕಂಡಿರುತ್ತದೆ.

ಆದರೆ ‘ಮೀನು ಹೋಗಿಬಿಡುತ್ತೆ’ ಎಂದಷ್ಟೇ ಹೇಳಿ ಕೂತರೆ ವರದಿಯ ಒಂದು ಸಾಲೂ ಬದಲಾಗುವುದಿಲ್ಲ. ಒಂದು ಪ್ರಶ್ನೆಯನ್ನು ಗಟ್ಟಿಯಾಗಿ ಹಿಡಿಯಿರಿ ಎಂದು ನಾನು ಅವರಿಗೆ ಹೇಳುತ್ತೇನೆ: ಮರೀನಾ ಒಳಗಿನ ನೀರು ಬಹುಪಾಲು ಬದಲಾಗಲು ಎಷ್ಟು ದಿನ ಬೇಕು?

ಕಟ್ಟಿಹಾಕಿದ ದೋಣಿಗೆ ಅಲುಗಾಡದ ನೀರು ಬೇಕು. ಅದಕ್ಕಾಗಿಯೇ ಅಲೆತಡೆ ಗೋಡೆ ಕಟ್ಟಿ, ಒಂದು ಚಿಕ್ಕ ಬಾಯಿ ಬಿಡುತ್ತಾರೆ. ಅಲೆಯನ್ನು ತಡೆಯುವ ಗೋಡೆ ನೀರಿನ ಓಡಾಟವನ್ನೂ ತಡೆಯುತ್ತದೆ ಅಲ್ವಾ? ನಿಂತ ನೀರಿನ ಪಾಡು ಏನು ಎಂದು ಯಾರಿಗೂ ಹೇಳಿಕೊಡಬೇಕಿಲ್ಲ.

ಲೆಕ್ಕ ಸುಲಭ. ಇಳಿತದಲ್ಲಿ ಮರೀನಾದ ಆಳ 3 ಮೀಟರ್, ಉಬ್ಬರಕ್ಕೆ ನೀರು 1 ಮೀಟರ್ ಏರುತ್ತದೆ ಎಂದುಕೊಳ್ಳಿ. ಒಂದು ಇಳಿತಕ್ಕೆ ಒಳಗಿನ ನೀರಿನ ಕಾಲು ಭಾಗ ಹೊರಗೆ ಹೋಗುತ್ತದೆ. ಹೋದದ್ದು ದೂರ ಹೋಗುವುದಿಲ್ಲ. ಬಾಯಿಯ ಹತ್ತಿರವೇ ಸುತ್ತಾಡುತ್ತಿದ್ದು ಮುಂದಿನ ಉಬ್ಬರಕ್ಕೆ ಅರ್ಧದಷ್ಟು ವಾಪಸ್ ಬರುತ್ತದೆ ಎಂದಿಟ್ಟುಕೊಳ್ಳೋಣ. ಆಗ ಹಳೆಯ ನೀರು ಹತ್ತರಲ್ಲೊಂದು ಪಾಲಿಗೆ ಇಳಿಯಲು ಸುಮಾರು 17 ಉಬ್ಬರ ಬೇಕು. ದಿನಕ್ಕೆ ಎರಡು ಉಬ್ಬರ ಬರುವ ಕಡೆ ಅದು 9 ದಿನ. ಈಗ ದೊಡ್ಡ ಯಾಟ್‌ಗಳಿಗಾಗಿ ಹೂಳೆತ್ತಿ 5 ಮೀಟರ್ ಆಳ ಮಾಡಿದರೆ? ಅದೇ 9 ದಿನ 14 ದಿನವಾಗುತ್ತದೆ. ಇದು ಒರಟು ಲೆಕ್ಕ, ಗಾಳಿ ಮತ್ತು ಪ್ರವಾಹ ಇದನ್ನು ಹೆಚ್ಚುಕಮ್ಮಿ ಮಾಡುತ್ತವೆ. ಆದರೂ ವರದಿಯಲ್ಲಿ ‘2 ದಿನ’ ಎಂದು ಬರೆದಿದ್ದರೆ, ಅದು ಹುಣ್ಣಿಮೆ-ಅಮಾವಾಸ್ಯೆಯ ದೊಡ್ಡ ಉಬ್ಬರದ ಲೆಕ್ಕವೋ ಅಷ್ಟಮಿಯ ಸಣ್ಣ ಉಬ್ಬರದ್ದೋ ಕೇಳಿ. ಮೀನು ಸಾಯುವುದು ಅಷ್ಟಮಿಯ ಆಸುಪಾಸಿನಲ್ಲಿ, ಗಾಳಿ ಬಿದ್ದ ಸೆಖೆಯ ದಿನಗಳಲ್ಲಿ.

ಸೆಖೆ ಯಾಕೆ ಮುಖ್ಯ ಎಂದರೆ, ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ. 20 ಡಿಗ್ರಿಯ ಸಮುದ್ರದ ನೀರು ಲೀಟರಿಗೆ ಸುಮಾರು 7.4 ಮಿಲಿಗ್ರಾಂ ಹಿಡಿದಿಟ್ಟುಕೊಂಡರೆ, 30 ಡಿಗ್ರಿಯಲ್ಲಿ ಸುಮಾರು 6.2. ತಳದ ಕೆಸರು ಕೊಳೆಯುತ್ತಾ ಅದರಲ್ಲೂ ಪಾಲು ಕೇಳುತ್ತದೆ. 2ಕ್ಕೆ ಇಳಿದರೆ ಹೆಚ್ಚಿನ ಮೀನುಗಳು ಅಲ್ಲಿ ಉಳಿಯಲಾರವು.

ನಿಂತ ನೀರಿಗೆ ತಾಮ್ರವೂ ಸೇರುತ್ತದೆ. ದೋಣಿಯ ತಳಕ್ಕೆ ಚಿಪ್ಪು, ಪಾಚಿ ಅಂಟದಿರಲಿ ಎಂದು ಬಳಿಯುವ ಬಣ್ಣದಲ್ಲಿ ತಾಮ್ರ ಇರುತ್ತದೆ. ಅದು ಸದಾ ಸ್ವಲ್ಪ ಸ್ವಲ್ಪ ಬಿಡುತ್ತಲೇ ಇರಬೇಕು, ಬಣ್ಣದ ಕೆಲಸವೇ ಅದು. ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಶೆಲ್ಟರ್ ಐಲೆಂಡ್ ಎಂಬ ಯಾಟ್ ತಂಗುದಾಣವಿದೆ. ಅಲ್ಲಿನ ನೀರಿಗೆ ಸೇರುವ ತಾಮ್ರದ ಸುಮಾರು 98 ಶೇಕಡಾ ಈ ಬಣ್ಣದಿಂದಲೇ ಎಂದು ಅಲ್ಲಿನ ನಿಯಂತ್ರಕರು ಲೆಕ್ಕ ಹಾಕಿದರು. 2005ರಲ್ಲಿ ಅದನ್ನು ಕಡಿಮೆ ಮಾಡಲು ಮಿತಿಯನ್ನೂ ಹಾಕಿದರು. ಸಿಂಪಿ, ಕಪ್ಪೆಚಿಪ್ಪುಗಳ ಮರಿಗಳಿಗೆ ತಾಮ್ರ ತುಂಬ ಬೇಗ ತಾಗುತ್ತದೆ. ಹಿಂದೆ ಟಿಬಿಟಿ ಎಂಬ ತವರದ ಸಂಯುಕ್ತ ಬೆರೆಸಿದ ಇನ್ನೂ ಕೆಟ್ಟ ಬಣ್ಣ ಇತ್ತು. ಫ್ರಾನ್ಸಿನ ಆರ್ಕಶಾನ್ ಕೊಲ್ಲಿಯಲ್ಲಿ ಸಿಂಪಿ ಕೃಷಿ ನೆಲಕಚ್ಚಿದ ಮೇಲೆ, 1982ರಲ್ಲಿ ಸಣ್ಣ ದೋಣಿಗಳಿಗೆ ಅದನ್ನು ಬಳಿಯದಂತೆ ತಡೆದರು. ಹಡಗುಗಳಿಗೂ ಸೇರಿ ಜಗತ್ತಿನ ಮಟ್ಟದ ನಿಷೇಧ ಜಾರಿಗೆ ಬಂದದ್ದು 2008ರಲ್ಲಿ. ಮಧ್ಯೆ 26 ವರ್ಷ ಕಳೆಯಿತು.

ಕಟ್ಟುವಾಗಿನ ಹೂಳೆತ್ತುವಿಕೆ ಬೇರೆಯೇ ತೊಂದರೆ. ಕಲಕಿದ ಕೆಸರು ಬೆಳಕನ್ನು ತಡೆಯುತ್ತದೆ. ಮರಿಮೀನುಗಳು ಅಡಗುವ ಕಡಲ ಹುಲ್ಲು ಬೆಳಕಿಲ್ಲದೆ ಬದುಕುವುದಿಲ್ಲ. ಮೆಡಿಟರೇನಿಯನ್ನಿನ ಪೊಸಿಡೋನಿಯಾ ಹುಲ್ಲು ವರ್ಷಕ್ಕೆ ಕೆಲವೇ ಸೆಂಟಿಮೀಟರ್ ಹರಡುತ್ತದೆ. ‘ಬೇರೆ ಕಡೆ ನೆಡುತ್ತೇವೆ’ ಎಂಬ ಭರವಸೆಯನ್ನು ನಾನು ಸುಲಭವಾಗಿ ನಂಬುವುದಿಲ್ಲ. ನೆಡುವುದಾದರೆ ಮೊದಲು ನೆಟ್ಟು, ಬದುಕಿದ್ದನ್ನು ತೋರಿಸಿ, ಆಮೇಲೆ ಅಗೆಯಲಿ.

‘ಮರೀನಾ ಒಳಗೆ ಮೀನು ಜಾಸ್ತಿಯೇ ಇರುತ್ತದಲ್ಲ’ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಹೌದು, ಇರುತ್ತದೆ. ಕಟ್ಟೆಯ ನೆರಳಿಗೆ, ರಾತ್ರಿಯ ದೀಪಕ್ಕೆ ಮೀನು ಬಂದು ಸೇರುತ್ತದೆ. ಅದು ಅಲ್ಲಿ ಹುಟ್ಟಿ ಬೆಳೆದ ಮೀನೋ, ಸುತ್ತಲಿಂದ ಬಂದು ಗುಂಪಾದದ್ದೋ ಎಂಬುದು ಸುಮ್ನೆ ನೋಡಿದರೆ ಗೊತ್ತಾಗುವುದಿಲ್ಲ. ಎರಡಕ್ಕೂ ಬಹಳ ವ್ಯತ್ಯಾಸವಿದೆ.

ಹಾಗೆಂದು ಎಲ್ಲ ಮರೀನಾವೂ ಒಂದೇ ಅಲ್ಲ. ಎರಡು ಬಾಯಿ ಬಿಟ್ಟು, ಮೂಲೆಗಳನ್ನು ದುಂಡಗೆ ಮಾಡಿ, ತಳವನ್ನು ಹೊರಗಿನ ಕಾಲುವೆಗಿಂತ ಆಳ ಮಾಡದೆ ಕಟ್ಟಿದರೆ ನೀರು ಚೆನ್ನಾಗಿ ಓಡಾಡುತ್ತದೆ. ಇವೆಲ್ಲ ನಕ್ಷೆಯ ಹಂತದಲ್ಲೇ ಆಗಬೇಕು. ಕಲ್ಲು ಬಿದ್ದ ಮೇಲೆ ಬದಲಾಯಿಸಲು ಯಾರೂ ಹಣ ಕೊಡುವುದಿಲ್ಲ. ಮರಳು ತಡೆಗೋಡೆಯ ಯಾವ ಮಗ್ಗುಲಲ್ಲಿ ತುಂಬುತ್ತದೆ, ಯಾವ ಮಗ್ಗುಲಲ್ಲಿ ದಂಡೆ ಕೊರೆಯುತ್ತದೆ ಎಂಬುದನ್ನೂ ಅದೇ ಸಭೆಯಲ್ಲಿ ಕೇಳಿಬಿಡಿ.

ಇನ್ನು ಗಾಳದವರೇ ಮಾಡಬಹುದಾದ ಕೆಲಸ ಒಂದಿದೆ. ಈಗಿನಿಂದಲೇ ಒಂದು ನೋಟ್‌ಬುಕ್ ಇಡಿ. ದಿನಾಂಕ, ಉಬ್ಬರದ ಹೊತ್ತು, ನೀರು ತಿಳಿಯೋ ಕದಡೋ, ಎಷ್ಟು ಗಂಟೆ ಕೂತಿರಿ, ಯಾವ ಮೀನು, ಎಷ್ಟು ಉದ್ದ. ಮರಿಗಳು ಯಾವ ತಿಂಗಳು ಯಾವ ಮೂಲೆಗೆ ಬರುತ್ತವೆ ಎಂಬುದನ್ನು ಮರೆಯದೆ ಬರೆಯಿರಿ. ಒಬ್ಬ ಹಿರಿಯರು ಇಂಥ ಪುಸ್ತಕ ತಂದು ನನಗೆ ತೋರಿಸಿದ್ದರು. ಸರ್ವೆ ನಡೆದದ್ದು ಮರಿಗಳೇ ಇಲ್ಲದ ತಿಂಗಳಲ್ಲಿ ಎಂಬುದು ಅದರಿಂದಲೇ ನನಗೆ ಗೊತ್ತಾಯಿತು. ಅವರ ಪುಟಗಳಲ್ಲಿ ‘ಏನೂ ಇಲ್ಲ’ ಎಂದು ಬರೆದ ದಿನಗಳೂ ಇದ್ದವು. ನೀವೂ ಅದನ್ನು ಬಿಡಬೇಡಿ. ಮೀನು ಸಿಕ್ಕ ದಿನಗಳನ್ನಷ್ಟೇ ಬರೆದಿಟ್ಟರೆ, ನಾಳೆ ಮೀನು ಕಡಿಮೆಯಾಯಿತು ಎಂದು ತೋರಿಸಲು ಆ ಪುಸ್ತಕದಿಂದ ಆಗುವುದಿಲ್ಲ.